ಟೋಕಿಯೊ ಡಿಸ್ನಿಲ್ಯಾಂಡ್‌ಗೆ ಪುಟ್ಟ ಮಕ್ಕಳ ಜೊತೆ: ಬೆಳಗ್ಗೆ ಏಳಕ್ಕೇ ಗೇಟಿನ ಮುಂದೆ ನಿಲ್ಲಬೇಕಾ?

ಪ್ರಶ್ನೆ: ನವೆಂಬರ್ 13ಕ್ಕೆ ನಾವು ಐದು ಜನ ಟೋಕಿಯೊಗೆ ಬಂದು ಇಳಿಯುತ್ತೇವೆ. 20ರವರೆಗೆ ಅಲ್ಲೇ ಇರುತ್ತೇವೆ. ನಾನು, ನನ್ನ ಗಂಡ, ನಾಲ್ಕೂವರೆ ವರ್ಷದ ಮಗಳು, ಒಂದೂವರೆ ವರ್ಷದ ಮಗ ಮತ್ತು 66 ವರ್ಷದ ನಮ್ಮ ಅತ್ತೆ. ಅತ್ತೆಗೆ ಮಂಡಿ ನೋವಿದೆ. 14 ಶುಕ್ರವಾರ, ವಾರದ ದಿನ, ಜನ ಕಡಿಮೆ ಇರಬಹುದು ಅಂತ ಅವತ್ತೇ ಡಿಸ್ನಿಲ್ಯಾಂಡ್‌ಗೆ ಹೋಗೋಣ ಅಂದುಕೊಂಡಿದ್ದೇವೆ. ಟಿಕೆಟ್ ಇನ್ನೂ ತೆಗೆದಿಲ್ಲ. ಹೋಗಿ ಬಂದವರೆಲ್ಲ ಬೆಳಗ್ಗೆ ಏಳಕ್ಕೇ ಗೇಟಿನ ಮುಂದೆ ಇರಿ, ಇಲ್ಲದಿದ್ದರೆ ದುಡ್ಡು ದಂಡ ಅನ್ನುತ್ತಾರೆ. ಮಗಳು ಬಿಗ್ ಥಂಡರ್ ಮೌಂಟನ್ ಅನ್ನುವ ರೋಲರ್ ಕೋಸ್ಟರ್‌ನ ವಿಡಿಯೊ ನೋಡಿ ಅದೇ ಬೇಕು ಅಂತ ಹಠ ಹಿಡಿದಿದ್ದಾಳೆ. ಅವಳ ಎತ್ತರ ಸರಿಯಾಗಿ 100 ಸೆಂಟಿಮೀಟರ್. ನಾವೆಲ್ಲ ಸಸ್ಯಾಹಾರಿಗಳು. ಎಲ್ಲರಿಗೂ ಖುಷಿಯಾಗುವ ಹಾಗೆ ಆ ದಿನ ಹೇಗೆ ಕಳೆಯುವುದು, ಹೇಳುತ್ತೀರಾ?

ಉತ್ತರ: ಮೊದಲು ತಾರೀಕು ಬದಲಿಸಿ. ಟಿಕೆಟ್ ತೆಗೆದಿಲ್ಲ ಅಂದಿರಲ್ಲ, ಒಳ್ಳೆಯದೇ ಆಯಿತು.

ನವೆಂಬರ್ 14 ಜಪಾನಿನ ರಾಷ್ಟ್ರೀಯ ರಜೆ ಅಲ್ಲ. ಕ್ಯಾಲೆಂಡರ್ ನೋಡಿದರೆ ನಿಮಗೆ ಏನೂ ಕಾಣಿಸುವುದಿಲ್ಲ. ಆದರೆ ಅದು ಸೈತಾಮ ಪ್ರಾಂತ್ಯದ ದಿನ. ಅವತ್ತು ಅಲ್ಲಿನ ಸರ್ಕಾರಿ ಶಾಲೆಗಳಿಗೆ ರಜೆ ಕೊಡುತ್ತಾರೆ. ಸೈತಾಮ ಟೋಕಿಯೊಗೆ ಅಂಟಿಕೊಂಡೇ ಇದೆ, 70 ಲಕ್ಷಕ್ಕೂ ಜಾಸ್ತಿ ಜನರಿದ್ದಾರೆ. ಅಪ್ಪ ಅಮ್ಮ ಒಂದು ದಿನ ರಜೆ ಹಾಕಿ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಹೇಳಿ? ಹಿಂದಿನ ದಿನ, ಅಂದರೆ 13, ಇಬಾರಾಕಿ ಪ್ರಾಂತ್ಯದ ದಿನ. ಅಲ್ಲೂ ಶಾಲೆಗಳಿಗೆ ರಜೆ. ಹಾಗೆಯೇ ಜೂನ್ 15 ಚಿಬಾ ಪ್ರಾಂತ್ಯದ ದಿನ, ಅಕ್ಟೋಬರ್ 1 ಟೋಕಿಯೊ ದಿನ. ಹೊರಗಿನಿಂದ ಬರುವ ನಮ್ಮಂಥವರು ಶನಿವಾರ, ಭಾನುವಾರ ಮಾತ್ರ ನೋಡಿಕೊಂಡು ಟಿಕೆಟ್ ತೆಗೆದು, ಇಂಥ ದಿನಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ. ನಿಮಗೆ 18 ಮಂಗಳವಾರ ಇಲ್ಲವೇ 19 ಬುಧವಾರ ಸರಿಯಾದ ದಿನ. ನವೆಂಬರ್ ಮಧ್ಯಕ್ಕೆ ಕ್ರಿಸ್‌ಮಸ್ ಅಲಂಕಾರ ಶುರುವಾಗಿರುತ್ತದೆ. ಹಾಗಾಗಿ ಪಾರ್ಕ್ ಖಾಲಿ ಅಂತೂ ಇರುವುದಿಲ್ಲ. ಆದರೆ ಶಾಲಾ ಮಕ್ಕಳ ಆ ನೂಕುನುಗ್ಗಲು ತಪ್ಪುತ್ತದೆ.

ತಾರೀಕು ಬದಲಿಸಿ ಅನ್ನಲು ಜನಸಂದಣಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ನಿಮ್ಮ ಮಗ.

ಜಪಾನ್ ಭಾರತಕ್ಕಿಂತ ಮೂರೂವರೆ ಗಂಟೆ ಮುಂದಿದೆ. ಕೇಳಲು ಸಣ್ಣ ವ್ಯತ್ಯಾಸ, ಅಲ್ವಾ? ಲೆಕ್ಕ ಹಾಕಿ ನೋಡಿ. ಬಂದಿಳಿದ ಮಾರನೇ ದಿನ ಬೆಳಗ್ಗೆ ಏಳಕ್ಕೆ ಗೇಟಿನ ಮುಂದೆ ನಿಲ್ಲಬೇಕು ಅಂದರೆ ಐದಕ್ಕೆ ಎಬ್ಬಿಸಬೇಕು. ಮಗುವಿನ ಮೈಗೆ ಆಗ ರಾತ್ರಿ ಒಂದೂವರೆ. ಗೇಟ್ ತೆಗೆಯುವುದು ಸಾಮಾನ್ಯವಾಗಿ ಒಂಬತ್ತಕ್ಕೆ. ಅಂದರೆ ನಡುರಾತ್ರಿಯಲ್ಲಿ ಎಬ್ಬಿಸಿದ ಮಗುವನ್ನು ಚಳಿಯಲ್ಲಿ ಎರಡು ಗಂಟೆ ನಿಲ್ಲಿಸಿಕೊಂಡ ಹಾಗೆ. ಮಧ್ಯಾಹ್ನ ಒಂದಕ್ಕೆ ಮಲಗುವ ಅಭ್ಯಾಸ ಇದ್ದರೆ, ಅವತ್ತು ಅವನಿಗೆ ನಿದ್ದೆ ಬರುವುದು ಅಲ್ಲಿನ ಸಂಜೆ ನಾಲ್ಕೂವರೆಗೆ. ಇಲ್ಲವೇ ಬೆಳಗ್ಗೆ ಹನ್ನೊಂದಕ್ಕೇ ಸುಸ್ತಾಗಿ ಬಿದ್ದುಬಿಡುತ್ತಾನೆ. ಎರಡರಲ್ಲಿ ಯಾವುದು ಅಂತ ಯಾರೂ ಹೇಳಲು ಆಗುವುದಿಲ್ಲ.

ನನ್ನ ಮಗಳಿಗೆ ಎರಡು ವರ್ಷ ಇದ್ದಾಗ ಇಂಥದ್ದೇ ಒಂದು ಪಾರ್ಕಿಗೆ ಬಂದಿಳಿದ ಮಾರನೇ ದಿನವೇ ಹೋಗಿದ್ದೆ. ಎಪ್ಪತ್ತು ನಿಮಿಷ ಸಾಲಿನಲ್ಲಿ ನಿಂತೆವು. ದೋಣಿ ಹತ್ತಲು ಇನ್ನು ನಾಲ್ಕೇ ಜನ ಬಾಕಿ ಇದ್ದಾಗ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಎಬ್ಬಿಸಿದೆ. ಎಬ್ಬಿಸಬಾರದಿತ್ತು. ದೋಣಿಯುದ್ದಕ್ಕೂ ಅತ್ತಳು, ಆಮೇಲೆ ಎರಡು ಗಂಟೆ ಸಮಾಧಾನ ಆಗಲಿಲ್ಲ. ಆ ದಿನದಿಂದ ನಾನು ಮಕ್ಕಳಿರುವ ಮನೆಯವರಿಗೆ ಮೊದಲು ಹೇಳುವುದೇ ಇದು: ಪಾರ್ಕಿನ ಗಡಿಯಾರ ನೋಡಬೇಡಿ, ನಿಮ್ಮ ಅತಿ ಚಿಕ್ಕ ಮಗುವಿನ ಗಡಿಯಾರ ನೋಡಿ.

ಅದನ್ನು ತಿಳಿಯುವುದು ಹೇಗೆ? 16 ಮತ್ತು 17ಕ್ಕೆ ಅವನು ಯಾವಾಗ ಎದ್ದ, ಯಾವಾಗ ಊಟ ಮಾಡಿದ, ಮಧ್ಯಾಹ್ನ ಯಾವಾಗ ಮಲಗಿದ ಅಂತ ಬರೆದಿಡಿ. ದೇಹ ಸುಮಾರಾಗಿ ದಿನಕ್ಕೆ ಒಂದು ಗಂಟೆಯಷ್ಟು ಹೊಂದಿಕೊಳ್ಳುತ್ತದೆ. 18ರ ಹೊತ್ತಿಗೆ ಬಹುತೇಕ ಸರಿಹೋಗಿರುತ್ತಾನೆ. ಆದರೂ ನಿದ್ದೆ ಸ್ವಲ್ಪ ತಡವಾಗಿಯೇ ಬರಬಹುದು, ಎರಡು ಎರಡೂವರೆಯ ಹೊತ್ತಿಗೆ ಅಂತ ಇಟ್ಟುಕೊಳ್ಳೋಣ. ಮುಂದಿನದೆಲ್ಲ ಆ ಲೆಕ್ಕದಲ್ಲೇ ಹೇಳುತ್ತೇನೆ. ನಿಮ್ಮ ಎರಡು ದಿನದ ಬರಹ ಬೇರೆ ಏನಾದರೂ ಹೇಳಿದರೆ ಅದನ್ನೇ ನಂಬಿ.

ಏಳಕ್ಕೆ ಬನ್ನಿ ಅನ್ನುವವರ ಮಾತು ಪೂರ್ತಿ ಸುಳ್ಳಲ್ಲ. ಮೊದಲ ಒಂದು ಗಂಟೆಯಲ್ಲಿ ದೊಡ್ಡ ರೈಡ್‌ಗಳ ಸಾಲು ಚಿಕ್ಕದಾಗಿರುತ್ತದೆ. ದೊಡ್ಡ ಮಕ್ಕಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ನಿಮ್ಮ ಮನೆಯವರಲ್ಲಿ ಆ ರೈಡ್‌ಗಳಿಗೆ ಹೋಗುವವರು ಯಾರು? ನೀವು ಒಂಬತ್ತೂವರೆ, ಹತ್ತರ ಹೊತ್ತಿಗೆ ತಲುಪಿ. ಗೇಟಿನ ನೂಕಾಟ ಆಗ ಇಳಿದಿರುತ್ತದೆ. ಎಲ್ಲರೂ ಹೊಟ್ಟೆ ತುಂಬ ತಿಂದು, ನಿದ್ದೆ ಮುಗಿಸಿ ಬಂದಿರುತ್ತೀರಿ. ಆಗ ಸಂಜೆಯ ತನಕ ಇರುವ ಶಕ್ತಿಯೂ ಇರುತ್ತದೆ. ನವೆಂಬರ್‌ನಲ್ಲಿ ಸಂಜೆಯೇ ಈ ಪಾರ್ಕಿನ ಒಳ್ಳೆಯ ಹೊತ್ತು. ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಐದಕ್ಕೆಲ್ಲ ಕೋಟೆ, ಮರ, ಅಂಗಡಿ ಎಲ್ಲಕ್ಕೂ ದೀಪ ಹತ್ತಿರುತ್ತದೆ. ಬೇಸಿಗೆಯಲ್ಲಿ ಬಂದರೆ ಪುಟ್ಟ ಮಕ್ಕಳು ಇದನ್ನು ನೋಡಲು ರಾತ್ರಿ ಎಂಟರವರೆಗೆ ಎಚ್ಚರ ಇರಬೇಕು. ನಿಮಗೆ ಐದಕ್ಕೇ ಸಿಗುತ್ತದೆ.

ಇಲ್ಲಿ ಎರಡು ಪಾರ್ಕ್‌ಗಳಿವೆ. 1983ರ ಏಪ್ರಿಲ್ 15ಕ್ಕೆ ಶುರುವಾದ ಡಿಸ್ನಿಲ್ಯಾಂಡ್ ಒಂದು, 2001ರಲ್ಲಿ ಶುರುವಾದ ಡಿಸ್ನಿಸೀ ಇನ್ನೊಂದು. 2024ರ ಜೂನ್‌ನಲ್ಲಿ ಡಿಸ್ನಿಸೀಯಲ್ಲಿ ಫ್ಯಾಂಟಸಿ ಸ್ಪ್ರಿಂಗ್ಸ್ ಅನ್ನುವ ಹೊಸ ಭಾಗ ತೆರೆದ ಮೇಲೆ ಎಲ್ಲರೂ ಅದರ ಫೋಟೊ ಹಾಕುತ್ತಿದ್ದಾರೆ. ಯಾರಾದರೂ ಅಲ್ಲಿಗೇ ಹೋಗಿ ಅಂದರೂ ನೀವು ಡಿಸ್ನಿಲ್ಯಾಂಡನ್ನೇ ಹಿಡಿದುಕೊಳ್ಳಿ. ಡಿಸ್ನಿಸೀಯಲ್ಲಿ ನಡಿಗೆ ಜಾಸ್ತಿ, ಏರು ತಗ್ಗು ಜಾಸ್ತಿ. ಅತ್ತೆಯ ಮಂಡಿಗೂ, ಮಗನನ್ನು ಕೂರಿಸಿ ತಳ್ಳುವ ಗಾಡಿಗೂ (ಸ್ಟ್ರಾಲರ್) ಅದು ಕಷ್ಟ.

ಖರ್ಚು ಬೇಗ ಹೇಳಿಬಿಡುತ್ತೇನೆ. ಮೂರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಟಿಕೆಟ್ ಇಲ್ಲ. ಹಾಗಾಗಿ ಮಗನಿಗೆ ಬೇಡ. 2023ರ ಅಕ್ಟೋಬರ್‌ನಲ್ಲಿ ಬಂದ ದರದ ಪ್ರಕಾರ ದೊಡ್ಡವರಿಗೆ ದಿನ ನೋಡಿಕೊಂಡು 7,900ರಿಂದ 10,900 ಯೆನ್, ನಾಲ್ಕರಿಂದ ಹನ್ನೊಂದು ವರ್ಷದವರಿಗೆ 4,700ರಿಂದ 5,600 ಯೆನ್. ಮೂರು ಜನ ದೊಡ್ಡವರು, ಒಂದು ಮಗು ಅಂದರೆ 28,400ರಿಂದ 38,300 ಯೆನ್‌ವರೆಗೆ. ಯಾವ ದಿನಕ್ಕೆ ದರ ಜಾಸ್ತಿಯೋ ಅವತ್ತು ಜನ ಜಾಸ್ತಿ ಅಂತ ಅವರೇ ಲೆಕ್ಕ ಹಾಕಿರುತ್ತಾರೆ. ಹಾಗಾಗಿ 18, 19ರಲ್ಲಿ ಯಾವುದು ಅಗ್ಗವೋ ಅದನ್ನೇ ತೆಗೆಯಿರಿ.

ಈಗ ಮಗಳ ವಿಷಯ. ಇದಕ್ಕೆ ಸ್ವಲ್ಪ ಸಮಯ ಕೊಡಬೇಕು. ಇಡೀ ದಿನ ಕೆಡುವುದಾದರೆ ಇಲ್ಲೇ ಕೆಡುತ್ತದೆ.

ಬಿಗ್ ಥಂಡರ್ ಮೌಂಟನ್‌ಗೆ 102 ಸೆಂಟಿಮೀಟರ್ ಬೇಕು. ಅವಳಿಗೆ ಎರಡು ಸೆಂಟಿಮೀಟರ್ ಕಡಿಮೆ. ಬಾಗಿಲಲ್ಲಿ ಅಳತೆ ಇಟ್ಟು ನೋಡುತ್ತಾರೆ. ಎಷ್ಟು ನಗುನಗುತ್ತ ಮಾತಾಡಿಸಿದರೂ ಬಿಡುವುದಿಲ್ಲ. ದಪ್ಪ ಅಡಿಯ ಶೂ ಹಾಕಿಸಿ, ತುರುಬು ಎತ್ತಿ ಕಟ್ಟಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ತೊಡೆಯ ಮೇಲೆ ಬರುವ ಆ ಸರಳು ಮಗುವಿನ ಮೈಯನ್ನು ಸರಿಯಾಗಿ ಹಿಡಿಯಬೇಕಾದರೆ ಅಷ್ಟು ಮೈ ಇರಬೇಕು. ಶೂ ದಪ್ಪ ಆದರೆ ಮೈ ದೊಡ್ಡದಾಗುವುದಿಲ್ಲ.

ನನ್ನ ಸಲಹೆ ಏನೆಂದರೆ, ಇದನ್ನು ಅವಳಿಗೆ ಇವತ್ತೇ ಹೇಳಿ. ಸಾಲಿನ ಬಾಗಿಲಲ್ಲಿ ಅಪರಿಚಿತರು "ಇಲ್ಲ" ಅಂದರೆ ಅದು ಅವಳಿಗೆ ಅವಮಾನ. ಮನೆಯಲ್ಲಿ ಗೋಡೆಯ ಮೇಲೆ ಎರಡು ಗೆರೆ ಹಾಕಿ. 90ಕ್ಕೆ ಒಂದು, 102ಕ್ಕೆ ಒಂದು. ಅವಳನ್ನೇ ನಿಲ್ಲಿಸಿ ತೋರಿಸಿ. "ನೋಡು, ಈ ಗೆರೆ ದಾಟಿದ್ದೀಯ, ಹಾಗಾಗಿ ಇದು ನಿನ್ನ ರೈಲು. ಆ ಗೆರೆ ಇನ್ನೂ ಮುಟ್ಟಿಲ್ಲ, ಅದು ಮುಂದಿನ ಸಲಕ್ಕೆ." ನಾಲ್ಕೂವರೆ ವರ್ಷದ ಮಗುವಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಆರೇಳು ಸೆಂಟಿಮೀಟರ್ ಬೆಳೆಯುತ್ತಾರೆ. ಹೊರಡಲು ಇನ್ನೂ ಮೂರು ನಾಲ್ಕು ತಿಂಗಳಿದ್ದರೆ ಅವಳು ಆ ಗೆರೆಯನ್ನೂ ಮುಟ್ಟಿಬಿಡಬಹುದು. ಹೊರಡುವ ಹಿಂದಿನ ದಿನ ಮತ್ತೆ ಅಳೆಯಿರಿ. ಅಲ್ಲಿಯವರೆಗೆ ಭರವಸೆ ಮಾತ್ರ ಕೊಡಬೇಡಿ.

90ರ ಗೆರೆಯ ರೈಲು ಅಂದರೆ ಪಾರ್ಕಿನ ಟೂನ್‌ಟೌನ್ ಅನ್ನುವ ಭಾಗದಲ್ಲಿರುವ ಗ್ಯಾಜೆಟ್ಸ್ ಗೋ ಕೋಸ್ಟರ್. ಪುಟ್ಟದು, ಬೇಗ ಮುಗಿಯುತ್ತದೆ, ಆದರೆ ನಿಜವಾದ ರೋಲರ್ ಕೋಸ್ಟರ್. ಅವಳ ವಯಸ್ಸಿಗೆ ಹೇಳಿ ಮಾಡಿಸಿದ್ದು. ಸ್ಪ್ಲ್ಯಾಶ್ ಮೌಂಟನ್‌ಗೂ 90 ಸೆಂಟಿಮೀಟರ್ ಸಾಕು. ಅಲ್ಲಿಗೆ ಮಾತ್ರ ಅವಸರ ಬೇಡ. ಕೊನೆಯಲ್ಲಿ 16 ಮೀಟರ್ ಎತ್ತರದಿಂದ ದೋಣಿ ಕೆಳಗೆ ಬೀಳುತ್ತದೆ. ನಿಯಮ ಬಿಡುತ್ತದೆ ಅಂದ ಮಾತ್ರಕ್ಕೆ ಮಗುವಿಗೆ ಇಷ್ಟವಾಗುತ್ತದೆ ಅಂತಲ್ಲ. ನವೆಂಬರ್ ಚಳಿಯಲ್ಲಿ ನೀರೂ ಎರಚುತ್ತದೆ.

ಎತ್ತರದ ನಿಯಮ ಇಲ್ಲದ ರೈಡ್‌ಗಳಲ್ಲೂ ಒಂದು ಎಚ್ಚರಿಕೆ ಇದೆ. ಸ್ನೋ ವೈಟ್ ಅಂತ ಹೆಸರು ನೋಡಿ ಒಳಗೆ ಹೋಗಬೇಡಿ. ಕತ್ತಲಲ್ಲಿ ಮಾಟಗಾತಿ ಮತ್ತೆ ಮತ್ತೆ ಎದುರಾಗುತ್ತಾಳೆ. ಪಿನೋಕಿಯೊ ಕೂಡ ನಡುವೆ ಹೆದರಿಸುತ್ತದೆ. ಚಿಕ್ಕ ಮಕ್ಕಳು ದಿನದ ಮೊದಲ ರೈಡ್‌ನಲ್ಲೇ ಹೆದರಿದರೆ ಆಮೇಲೆ ಯಾವ ಕತ್ತಲ ಬಾಗಿಲಿಗೂ ಬರುವುದಿಲ್ಲ. ಹಾಗಾಗಿ ಮೊದಲನೆಯದು ಬೆಳಕಿನಲ್ಲಿ, ಬಯಲಿನಲ್ಲಿ ಇರಲಿ. ಕ್ಯಾಸಲ್ ಕ್ಯಾರೊಸೆಲ್‌ನ ಕುದುರೆ ಅಥವಾ ಡಂಬೊ ಆನೆ. ಆಮೇಲೆ ಇಟ್ಸ್ ಎ ಸ್ಮಾಲ್ ವರ್ಲ್ಡ್. ಹತ್ತು ನಿಮಿಷ ದೋಣಿಯಲ್ಲಿ ಕೂತು ಗೊಂಬೆಗಳನ್ನು ನೋಡುವುದು. ಅತ್ತೆಗೂ ಕಾಲಿಗೆ ವಿಶ್ರಾಂತಿ, ಮಗನಿಗೂ ಸಾಕಷ್ಟು ಬಣ್ಣ, ಹಾಡು.

ಟೂನ್‌ಟೌನ್ ಬಗ್ಗೆ ಇನ್ನೊಂದು ಮಾತು. ಅಲ್ಲಿ ಮಿನ್ನಿಯ ಮನೆ, ಡೊನಾಲ್ಡ್‌ನ ದೋಣಿ, ಚಿಪ್ ಮತ್ತು ಡೇಲ್‌ನ ಮರದ ಮನೆ ಇವೆ. ಇವು ರೈಡ್ ಅಲ್ಲ. ಹತ್ತುವುದು, ಇಳಿಯುವುದು, ಗುಂಡಿ ಒತ್ತುವುದು ಅಷ್ಟೇ. ದುಡ್ಡು ಕೊಟ್ಟು ಬಂದು ಆಟದ ಬಯಲಿನಲ್ಲಿ ಕೂರುವುದಾ ಅಂತ ಎಷ್ಟೋ ಅಪ್ಪ ಅಮ್ಮಂದಿರು ಇದನ್ನು ಬಿಟ್ಟು ಓಡುತ್ತಾರೆ. ಒಂದೂವರೆ ವರ್ಷದ ಹುಡುಗನಿಗೆ ಇಡೀ ಪಾರ್ಕಿನಲ್ಲಿ ನಿಜವಾಗಿ ಅವನದು ಅನ್ನಿಸುವ ಜಾಗ ಇದೊಂದೇ. ಅವನನ್ನು ಸ್ಟ್ರಾಲರ್‌ನಿಂದ ಇಳಿಸಿ ಮುಕ್ಕಾಲು ಗಂಟೆ ಬಿಡಿ. ಎತ್ತಿಕೊಂಡೇ, ಕಟ್ಟಿಹಾಕಿಕೊಂಡೇ ದಿನ ಕಳೆದ ಮಗು ಸಂಜೆ ಅಳುವುದು ಹಟದಿಂದಲ್ಲ, ಕಾಲಾಡಿಸಿಲ್ಲ ಅನ್ನುವುದಕ್ಕೆ.

ಅವನು ಅಲ್ಲಿ ಆಡುವಾಗ ಐದೂ ಜನ ಅಲ್ಲೇ ನಿಂತಿರಬೇಕಾಗಿಲ್ಲ. ಒಂದು ಕುಟುಂಬ ಅಂದಮೇಲೆ ಎಲ್ಲ ರೈಡಿಗೂ ಒಟ್ಟಿಗೆ ಹೋಗಬೇಕು ಅನ್ನುವುದೇ ತುಂಬ ಜನ ಮಾಡುವ ತಪ್ಪು. ಒಬ್ಬರಿಗೆ ಬೇಡದ್ದಕ್ಕೆ ಐವರೂ ಸಾಲಿನಲ್ಲಿ ನಿಲ್ಲುತ್ತಾರೆ. ನೀವು ಮಗಳ ಜೊತೆ ಪೂಸ್ ಹನಿ ಹಂಟ್‌ಗೆ ಹೋಗಿ. 2000ದಿಂದ ಇರುವ ರೈಡ್ ಅದು. ಹಳಿಯೇ ಇಲ್ಲದ ಜೇನಿನ ಗಡಿಗೆಗಳು ತಾವಾಗಿಯೇ ಸುತ್ತುತ್ತ, ಒಂದನ್ನೊಂದು ತಪ್ಪಿಸಿಕೊಂಡು ಓಡಾಡುತ್ತವೆ. ಆ ಹೊತ್ತಿಗೆ ನಿಮ್ಮ ಯಜಮಾನರು ಮಗನ ಜೊತೆ ಟೂನ್‌ಟೌನ್‌ನಲ್ಲಿರಲಿ. ಮಧ್ಯಾಹ್ನ ಅದಲು ಬದಲು ಮಾಡಿ. ಅಕ್ಕನಿಗೆ ಅಮ್ಮ ಒಂದು ಗಂಟೆ ಪೂರ್ತಿ ಸಿಗುವುದೇ ದೊಡ್ಡದು. ತಮ್ಮ ಹುಟ್ಟಿದ ಮೇಲೆ ಅದು ಅವಳಿಗೆ ಎಷ್ಟು ಸಲ ಸಿಕ್ಕಿದೆ?

ದೊಡ್ಡವರಿಗೂ ಬಿಗ್ ಥಂಡರ್ ಆಸೆ ಇದ್ದರೆ ರೈಡರ್ ಸ್ವಿಚ್ ಅಂತ ಒಂದು ಏರ್ಪಾಡಿದೆ. ಎತ್ತರ ಸಾಲದ ಮಗು ಜೊತೆಯಲ್ಲಿದ್ದರೆ ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಗುವನ್ನು ನೋಡಿಕೊಳ್ಳುತ್ತಾರೆ. ಆಮೇಲೆ ಎರಡನೆಯವರು ಮತ್ತೆ ಉದ್ದ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ರೈಡ್‌ನ ಬಾಗಿಲಲ್ಲಿರುವ ಸಿಬ್ಬಂದಿಯನ್ನು ಮೊದಲೇ ಕೇಳಬೇಕು. ಹೋಗಿ ಬಂದ ಮೇಲೆ ಕೇಳಿದರೆ ಆಗುವುದಿಲ್ಲ. ಇದನ್ನು ಮಗಳು ನಿದ್ದೆ ಮಾಡುತ್ತಿರುವಾಗ ಇಟ್ಟುಕೊಳ್ಳಿ. ಅವಳು ಎಚ್ಚರವಿದ್ದಾಗ ಅಪ್ಪ ಅಮ್ಮ ಸರದಿಯಂತೆ ಅವಳಿಗೆ ಸಿಗದ ರೈಲಿಗೆ ಹೋಗಿ ಬರುವುದು ಸರಿಯಲ್ಲ.

ಒಂದೇ ಒಂದು ರೈಡ್‌ಗೆ ಮಾತ್ರ ದುಡ್ಡು ಹಾಕಿ ಸಾಲು ತಪ್ಪಿಸಿಕೊಳ್ಳಿ ಅನ್ನುತ್ತೇನೆ. 2020ರಲ್ಲಿ ತೆರೆದ ಬ್ಯೂಟಿ ಆಂಡ್ ದ ಬೀಸ್ಟ್. ಚಹಾದ ಬಟ್ಟಲಿನಂಥ ಗಾಡಿ ಹಾಡಿಗೆ ತಕ್ಕಂತೆ ತೂಗಾಡುತ್ತ ಅರಮನೆಯೊಳಗೆ ಸಾಗುತ್ತದೆ. ಸಾಲು ಯಾವಾಗಲೂ ಉದ್ದ. ಡಿಸ್ನಿ ಪ್ರೀಮಿಯರ್ ಆಕ್ಸೆಸ್ ಅನ್ನುವ ಪಾಸನ್ನು ಪಾರ್ಕ್ ಒಳಗೆ ಹೋದ ಮೇಲೆ ಆ್ಯಪ್‌ನಲ್ಲಿ ಕೊಳ್ಳಬೇಕು. ರೈಡ್ ನೋಡಿಕೊಂಡು ಒಬ್ಬರಿಗೆ 1,500ರಿಂದ 2,500 ಯೆನ್‌ವರೆಗೆ ಆಗುತ್ತದೆ. ಒಳಗೆ ಕಾಲಿಟ್ಟ ತಕ್ಷಣ ತೆಗೆದುಬಿಡಿ, ಮಧ್ಯಾಹ್ನಕ್ಕೆ ಮುಗಿದುಹೋಗಿರುತ್ತದೆ. ಏಳಕ್ಕೆ ಬಂದು ನಿಲ್ಲದೆ ಇದ್ದುದಕ್ಕೆ ನೀವು ಕೊಡುವ ಬೆಲೆ ಇದು. ನನಗಂತೂ ನ್ಯಾಯ ಅನ್ನಿಸುತ್ತದೆ.

ಅತ್ತೆಯವರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಇಂಥ ಜಾಗಗಳಲ್ಲಿ ಅಜ್ಜಿಯರನ್ನು ಬೆಂಚಿನ ಮೇಲೆ ಕೂರಿಸಿ, ಬ್ಯಾಗು, ಜಾಕೆಟ್ಟು, ಮಲಗಿದ ಮೊಮ್ಮಗು ಎಲ್ಲವನ್ನೂ ಅವರ ಸುತ್ತ ಇಟ್ಟು ಹೋಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅವರು "ಪರವಾಗಿಲ್ಲ, ಹೋಗಿ ಬನ್ನಿ" ಅನ್ನುತ್ತಾರೆ. ಅನ್ನಲೇಬೇಕಲ್ಲ. ಅವರೂ ಟಿಕೆಟ್ ತೆಗೆದು ಬಂದವರು. ಬ್ಯಾಗುಗಳನ್ನು ಲಾಕರ್‌ನಲ್ಲಿಡಿ. ಗೇಟಿನ ಹತ್ತಿರವೇ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ. ಸುಮಾರು 51 ಹೆಕ್ಟೇರ್ ಜಾಗ ಅದು. ಮಂಡಿ ನೋವಿರುವವರಿಗೆ ಮಧ್ಯಾಹ್ನದ ಹೊತ್ತಿಗೆ ಸಾಕಾಗುತ್ತದೆ. "ನಡೆಯಲು ಬರುವವರಿಗೆ ವೀಲ್‌ಚೇರ್ ಯಾಕೆ" ಅಂತ ಅವರಿಗೆ ಮುಜುಗರ ಆಗಬಹುದು. ಹಿಂದಿನ ದಿನವೇ ನಿಮ್ಮ ಯಜಮಾನರು ಮಾತಾಡಲಿ. ಮಗ ಹೇಳಿದರೆ ಒಪ್ಪುವುದು ಸುಲಭ. ವೆಸ್ಟರ್ನ್ ರಿವರ್ ರೈಲ್‌ರೋಡ್ ಅನ್ನುವ ಹೊಗೆ ಬಂಡಿ, ಮಾರ್ಕ್ ಟ್ವೇನ್ ಅನ್ನುವ ದೊಡ್ಡ ಹಡಗು, ಕೋಟೆಯ ಮುಂದೆ ಸುತ್ತು ಹೊಡೆಯುವ ಓಮ್ನಿಬಸ್, ಈ ಮೂರೂ ಅವರ ಜೊತೆ ಎಲ್ಲರೂ ಹೋಗಬೇಕಾದವು. ರೈಲಿಗೆ ಒಂದೇ ಒಂದು ನಿಲ್ದಾಣ, ಹತ್ತಿದಲ್ಲೇ ಇಳಿಯುವುದು. ಮಗನಿಗೆ ಬಹುಶಃ ದಿನದ ನೆಚ್ಚಿನದು ಅದೇ ಆಗುತ್ತದೆ.

ಊಟದ ವಿಷಯದಲ್ಲಿ ಸುಳ್ಳು ಧೈರ್ಯ ಹೇಳಲಾರೆ. ಜಪಾನಿನಲ್ಲಿ ಸಸ್ಯಾಹಾರಿಗಳಿಗೆ ಕಷ್ಟವಾಗುವುದು ಕಾಣುವ ಮಾಂಸದಿಂದಲ್ಲ, ಕಾಣದ ದಾಶಿಯಿಂದ. ದಾಶಿ ಅಂದರೆ ಅವರ ಅಡುಗೆಯ ಮೂಲ ಸಾರು. ಹೆಚ್ಚಾಗಿ ಕಟ್ಸುವೊ ಅನ್ನುವ ಮೀನನ್ನು ಒಣಗಿಸಿ ಮಾಡಿದ್ದು. ಬರೀ ತರಕಾರಿ ಹಾಕಿದ ನೂಡಲ್ಸ್‌ನಲ್ಲೂ ಅದಿರುತ್ತದೆ. ರೆಸ್ಟೋರೆಂಟ್‌ಗಳಲ್ಲಿ ಅಲರ್ಜಿ ಪಟ್ಟಿ ಕೊಡುತ್ತಾರೆ, ಅದನ್ನು ನೋಡಿ ನೆಮ್ಮದಿಯಾಗಬೇಡಿ. ಜಪಾನಿನ ನಿಯಮದಂತೆ ಕಡ್ಡಾಯವಾಗಿ ತೋರಿಸಬೇಕಾದವು ಮೊಟ್ಟೆ, ಹಾಲು, ಗೋಧಿ, ಸೋಬಾ (ಬಕ್‌ವೀಟ್ ಧಾನ್ಯ), ಕಡಲೆಕಾಯಿ, ಸೀಗಡಿ, ಏಡಿ, ವಾಲ್‌ನಟ್ ಮುಂತಾದವು. ಕಟ್ಸುವೊ ಮೀನು ಆ ಪಟ್ಟಿಯಲ್ಲಿಲ್ಲ. ಹಾಗಾಗಿ "ಮಾಂಸ, ಕೋಳಿ, ಮೀನು, ಮೀನಿನ ದಾಶಿ ತಿನ್ನುವುದಿಲ್ಲ" ಅಂತ ಜಪಾನಿ ಭಾಷೆಯಲ್ಲಿ ಬರೆಸಿದ ಒಂದು ಚೀಟಿ ಇಟ್ಟುಕೊಳ್ಳಿ. ಅದನ್ನು ತೋರಿಸಿದರೆ ತಾಳ್ಮೆಯಿಂದ ನೋಡಿ, ಒಳಗೆ ಹೋಗಿ ಕೇಳಿ ಬಂದು ಹೇಳುತ್ತಾರೆ. ಪಾಪ್‌ಕಾರ್ನ್ ಹಲವು ರುಚಿಗಳಲ್ಲಿ ಸಿಗುತ್ತದೆ. ಮಸಾಲೆ ಹಾಕಿದ್ದು ಬಿಟ್ಟು ಕ್ಯಾರಮೆಲ್‌ನಂಥದ್ದು ತೆಗೆದುಕೊಳ್ಳಿ, ಆಗಲೂ ಚೀಟಿ ತೋರಿಸಿ.

ಹೊರಗಿನ ಊಟದ ಡಬ್ಬಿ ಒಳಗೆ ಬಿಡುವುದಿಲ್ಲ. ಪುಟ್ಟ ಮಕ್ಕಳ ಆಹಾರಕ್ಕೆ ಮತ್ತು ಕುಡಿಯುವ ನೀರಿನ ಬಾಟಲಿಗೆ ಅಡ್ಡಿಯಿಲ್ಲ. ಹಾಗಾಗಿ ಮಗನ ಊಟ ನೀವೇ ತನ್ನಿ. ಉಳಿದವರಿಗೆ ಎರಡು ದಾರಿ ಇದೆ. ಗೇಟಿನ ಹೊರಗೆ ಪಿಕ್‌ನಿಕ್ ಜಾಗವಿದೆ, ತಂದ ಡಬ್ಬಿಯನ್ನು ಅಲ್ಲಿ ಕೂತು ತಿನ್ನಬಹುದು. ಅದೇ ದಿನ ಮತ್ತೆ ಒಳಗೆ ಬರಲು ಬಿಡುತ್ತಾರೆ. ಹೊರಡುವಾಗ ಗೇಟಿನಲ್ಲಿ ಹೇಳಿ ಹೋಗಿ. ಇಲ್ಲವೇ ಪಾರ್ಕಿಗೆ ಹತ್ತಿರದ ಮೈಹಾಮ ರೈಲು ಸ್ಟೇಷನ್ ಪಕ್ಕದ ಇಕ್ಸ್‌ಪಿಯಾರಿ ಮಾಲ್‌ಗೆ ಹೋಗಿ, ಅಲ್ಲಿ ಹೋಟೆಲ್‌ಗಳು ಸಾಕಷ್ಟಿವೆ. ನಾನಾದರೆ ಡಬ್ಬಿಯನ್ನೇ ಆರಿಸುತ್ತೇನೆ. ಹನ್ನೆರಡರ ಹೊತ್ತಿಗೆ ರೆಸ್ಟೋರೆಂಟ್‌ಗಳಲ್ಲೂ ಸಾಲು ಇರುತ್ತದೆ. ಹಸಿದ ಮಕ್ಕಳನ್ನು ಎರಡನೇ ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ ಹೊರಗಿನ ಗಾಳಿಯಲ್ಲಿ ಕೂತು ತಿನ್ನುವುದು ಮೇಲು. ಅದೂ ಹಸಿವಾಗುವ ಮುಂಚೆ, ಹನ್ನೊಂದೂವರೆಗೇ.

ಊಟವಾಗಿ ಒಳಗೆ ಬಂದ ಮೇಲೆ ಬೇಬಿ ಸೆಂಟರ್‌ಗೆ ಹೋಗಿ. ಒಂದು ಟೂನ್‌ಟೌನ್‌ನಲ್ಲಿದೆ, ಇನ್ನೊಂದು ಅಂಗಡಿಗಳಿರುವ ವರ್ಲ್ಡ್ ಬಜಾರ್ ಭಾಗದ ಹತ್ತಿರ. ಡೈಪರ್ ಬದಲಿಸಲು ಜಾಗ, ಹಾಲುಣಿಸಲು ಮರೆ ಇರುವ ಕೋಣೆ, ಫಾರ್ಮುಲಾ ಬೆರೆಸಲು ಬಿಸಿನೀರು ಎಲ್ಲ ಇದೆ. ಡೈಪರ್ ಮುಗಿದರೆ ಅಲ್ಲೇ ಕೊಳ್ಳಬಹುದು, ಹಾಗಾಗಿ ಇಡೀ ಪ್ಯಾಕೆಟ್ ಹೊತ್ತು ತರಬೇಡಿ. ಮಗನನ್ನು ಮಲಗಿಸುವುದು ಇಲ್ಲಿಂದಲೇ ಶುರುವಾಗಲಿ. ಡೈಪರ್ ಬದಲಿಸಿ, ಹಾಲು ಕುಡಿಸಿ, ಸ್ಟ್ರಾಲರ್‌ನಲ್ಲಿ ಮಲಗಿಸಿ, ಬಿಸಿಲು ಬೀಳದ ಕಡೆ ಸುಮ್ನೆ ತಳ್ಳುತ್ತ ಹೋಗಿ. ಗಾಜಿನ ಚಾವಣಿ ಇರುವ ವರ್ಲ್ಡ್ ಬಜಾರ್ ಇದಕ್ಕೆ ಒಳ್ಳೆಯದು, ಮಳೆ ಬಂದರೂ ನೆನೆಯುವುದಿಲ್ಲ. ಸ್ಟ್ರಾಲರ್ ಬಾಡಿಗೆಗೆ ಸಿಗುತ್ತದೆ, ದಿನಕ್ಕೆ 1,000 ಯೆನ್. ಆದರೆ ಅವನು ಮನೆಯ ಸ್ಟ್ರಾಲರ್‌ನಲ್ಲಿ ಮಲಗಿ ಅಭ್ಯಾಸ ಇದ್ದರೆ ಅದನ್ನೇ ತನ್ನಿ. ಬಾಡಿಗೆಯದು ಮಗಳಿಗಿರಲಿ. ನಾಲ್ಕೂವರೆ ವರ್ಷದವಳು ನಡೆಯುತ್ತಾಳೆ, ನಿಜ. ಆದರೆ ಆ ದಿನ ನಡೆಯುವಷ್ಟು ಅವಳು ಯಾವ ದಿನವೂ ನಡೆದಿರುವುದಿಲ್ಲ. ಬಾಡಿಗೆ ಸ್ಟ್ರಾಲರ್‌ಗಳೆಲ್ಲ ಒಂದೇ ಥರ ಇರುತ್ತವೆ. ಬಣ್ಣದ ಬಟ್ಟೆ ಒಂದು ಕಟ್ಟಿಡಿ. ರೈಡ್ ಹೊರಗೆ ಸ್ಟ್ರಾಲರ್ ಬಿಟ್ಟು ಹೋಗುವಾಗ ಪಾಸ್‌ಪೋರ್ಟ್ ಮಾತ್ರ ಅದರಲ್ಲಿ ಬಿಡಬೇಡಿ. ಜಪಾನಿನಲ್ಲಿ ವಿದೇಶಿಯರು ಪಾಸ್‌ಪೋರ್ಟ್ ಯಾವಾಗಲೂ ಜೊತೆಯಲ್ಲೇ ಇಟ್ಟುಕೊಳ್ಳಬೇಕು ಅನ್ನುವುದು ಕಾನೂನು.

ಮಕ್ಕಳು ತಪ್ಪಿಸಿಕೊಂಡರೆ ಅನ್ನುವ ಭಯ ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ. ಇಲ್ಲಿ ಮೈಕಿನಲ್ಲಿ ಹೆಸರು ಕೂಗುವುದಿಲ್ಲ. ಇದನ್ನು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ಮೈಕಿಗಾಗಿ ಕಾಯುತ್ತ ಹೊತ್ತು ಹೋಗುತ್ತದೆ. ಮಗಳು ಕಾಣಿಸದಿದ್ದರೆ ಹತ್ತಿರದ ಸಿಬ್ಬಂದಿಗೆ ತಕ್ಷಣ ಹೇಳಿ. ಬೆಳಗ್ಗೆ ಹೋಟೆಲ್ ಬಿಡುವ ಮುಂಚೆ ಇಬ್ಬರದೂ ಅವತ್ತಿನ ಬಟ್ಟೆಯಲ್ಲಿ ತಲೆಯಿಂದ ಶೂವರೆಗೆ ಕಾಣುವ ಫೋಟೊ ತೆಗೆದಿಡಿ. ಗಾಬರಿಯಲ್ಲಿ ಅಂಗಿಯ ಬಣ್ಣ ಯಾರಿಗೂ ನೆನಪಾಗುವುದಿಲ್ಲ. ನಿಮ್ಮ ಫೋನ್ ನಂಬರನ್ನು ದೇಶದ ಕೋಡ್ ಸಮೇತ ಬರೆದು ಅವಳ ಜಾಕೆಟ್ ಒಳಗೆ ಅಂಟಿಸಿ. ಅವಳಿಗೆ ಎರಡೇ ಮಾತು ಕಲಿಸಿ: ಅಮ್ಮ ಕಾಣದಿದ್ದರೆ ನಿಂತಲ್ಲೇ ನಿಲ್ಲು, ಎದೆಯ ಮೇಲೆ ಹೆಸರಿನ ಚೀಟಿ ಇರುವವರನ್ನು ಕರೆ. ಅಲ್ಲಿನ ಸಿಬ್ಬಂದಿ ಎಲ್ಲರೂ ಹೆಸರಿನ ಪಟ್ಟಿ ಹಾಕಿರುತ್ತಾರೆ. ಒಳಗೆ ಹೋದ ತಕ್ಷಣ ಅಂಥ ಒಬ್ಬರನ್ನು ಅವಳಿಗೆ ತೋರಿಸಿ, ಅವರಿಗೆ ಕೈ ಬೀಸಿಸಿ.

ಸಂಜೆ ಚಳಿ ಇರುತ್ತದೆ. ಸಮುದ್ರ ತುಂಬಿಸಿ ಮಾಡಿದ ನೆಲ ಅದು, ಕೊಲ್ಲಿಯ ಗಾಳಿ ನೇರ ಬೀಸುತ್ತದೆ. ಬೆಳಗ್ಗೆ ಬಿಸಿಲು ನೋಡಿ ಜಾಕೆಟ್ ಬಿಟ್ಟು ಬರಬೇಡಿ. ಅಲ್ಲಿನ ಅಂಗಡಿಗಳಲ್ಲಿ ಕೈರೊ ಅಂತ ಬಿಸಿಯಾಗುವ ಪುಟ್ಟ ಚೀಲಗಳು ಸಿಗುತ್ತವೆ. ಅತ್ತೆಯವರ ಜೇಬಿಗೆ ಎರಡು ಹಾಕಿಡಿ. ಮಕ್ಕಳ ಮೈಗೆ ಮಾತ್ರ ನೇರವಾಗಿ ತಾಗಿಸಬೇಡಿ, ಚರ್ಮ ಸುಡುತ್ತದೆ.

ರಾತ್ರಿಯ ಎಲೆಕ್ಟ್ರಿಕಲ್ ಪರೇಡ್ ಬಿಡಬೇಡಿ. ಮಗ ಮಧ್ಯಾಹ್ನ ಮಲಗಿದ್ದರೆ ಇದಕ್ಕೆ ಎಚ್ಚರ ಇರುತ್ತಾನೆ. ದೀಪದ ಬಂಡಿಗಳು ಸಾಲಾಗಿ ಬರುತ್ತವೆ, ಮಾತಿಲ್ಲ, ಬರೀ ಬೆಳಕು ಮತ್ತು ಹಾಡು. ಭಾಷೆ ಬಾರದ ಒಂದೂವರೆ ವರ್ಷದವನಿಗೂ 66 ವರ್ಷದವರಿಗೂ ಒಂದೇ ರೀತಿ ಅರ್ಥವಾಗುತ್ತದೆ. ಸಮಯ ಅವತ್ತಿನ ವೇಳಾಪಟ್ಟಿಯಲ್ಲಿ ನೋಡಿ. ಶುರುವಾಗುವ ಒಂದು ಗಂಟೆ ಮುಂಚಿನಿಂದ ಚಾಪೆಯಂಥ ಹಾಳೆ ಹಾಸಿ ಕೂರಲು ಬಿಡುತ್ತಾರೆ. ಮುಂದಿನ ಸಾಲಿನವರೆಲ್ಲ ಕೂತೇ ನೋಡುವುದು ಅಲ್ಲಿನ ಪದ್ಧತಿ. ಹಾಗಾಗಿ ಮಕ್ಕಳನ್ನು ಹೆಗಲ ಮೇಲೆ ಹೊರಬೇಕಾಗಿಲ್ಲ. ಎಲ್ಲಿ ಕೂರಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಪರೇಡ್ ಹಾಂಟೆಡ್ ಮ್ಯಾನ್ಶನ್ ಪಕ್ಕದಿಂದ ಹೊರಟು, ಕೋಟೆಯ ಮುಂದಿನಿಂದ ಸುತ್ತಿ ಟೂನ್‌ಟೌನ್‌ನಲ್ಲಿ ಮುಗಿಯುತ್ತದೆ. ಎಲ್ಲರೂ ಕೋಟೆಯ ಮುಂದೆ ಜಾಗ ಹಿಡಿಯುತ್ತಾರೆ. ನೀವು ಹೊರಡುವ ತುದಿಗೆ ಹತ್ತಿರ ಕೂತರೆ ನಿಮಗೆ ಬೇಗ ಶುರುವಾಗಿ ಬೇಗ ಮುಗಿಯುತ್ತದೆ. ಉಳಿದವರು ಇನ್ನೂ ನೋಡುತ್ತಿರುವಾಗಲೇ ನೀವು ಎದ್ದು ಗೇಟಿನ ಕಡೆ ಹೊರಡಬಹುದು.

ಹೊರಡುವುದು ಮುಖ್ಯ. ಒಂಬತ್ತಕ್ಕೆ ಪಾರ್ಕ್ ಮುಚ್ಚುವವರೆಗೆ ಇದ್ದರೆ ಎಲ್ಲರೂ ಒಟ್ಟಿಗೆ ರೈಲಿಗೆ ಬರುತ್ತಾರೆ. ಮೈಹಾಮ ಸ್ಟೇಷನ್ ಗೇಟಿನಿಂದ ನಡೆದುಕೊಂಡೇ ಹೋಗುವಷ್ಟು ಹತ್ತಿರ, ಇದಕ್ಕೆ ಮಾನೋರೈಲ್ ಬೇಡ. ಆರು ವರ್ಷದೊಳಗಿನ ನಿಮ್ಮ ಇಬ್ಬರು ಮಕ್ಕಳಿಗೂ ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಟಿಕೆಟ್ ಇಲ್ಲ. ಕೇಯೊ ಲೈನ್‌ನಲ್ಲಿ ಟೋಕಿಯೊ ಸ್ಟೇಷನ್ ಸುಮಾರು ಹದಿನೈದು ನಿಮಿಷ. ಆದರೆ ಅಲ್ಲಿ ಇಳಿದ ಮೇಲೆ ಬೇರೆ ಲೈನ್‌ಗಳಿಗೆ ಹೋಗುವ ನಡಿಗೆ ತುಂಬ ಉದ್ದ. ನೆಲದೊಳಗಿನ ದಾರಿಯಲ್ಲಿ ನಡೆದಷ್ಟೂ ಮುಗಿಯುವುದಿಲ್ಲ. ಮಲಗಿದ ಎರಡು ಮಕ್ಕಳು, ಮಂಡಿ ನೋವಿನ ಅತ್ತೆ ಇರುವಾಗ ಅದಕ್ಕೇ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ, ಲಿಫ್ಟ್ ಗುರುತು ನೋಡಿಕೊಂಡೇ ಸಾಗಿ. ಬೆಳಗ್ಗೆ ಹೋಗುವಾಗಲೇ ಆ ಲಿಫ್ಟ್‌ಗಳು ಎಲ್ಲಿವೆ ಅಂತ ಫೋನಿನಲ್ಲಿ ಫೋಟೊ ತೆಗೆದಿಟ್ಟರೆ ರಾತ್ರಿ ಹುಡುಕುವ ಕೆಲಸ ಇರುವುದಿಲ್ಲ. ನಿಮ್ಮ ಹೋಟೆಲ್‌ಗೆ ಎರಡು ಸಲ ರೈಲು ಬದಲಿಸಬೇಕಾದರೆ ಟೋಕಿಯೊ ಸ್ಟೇಷನ್‌ನಿಂದ ಟ್ಯಾಕ್ಸಿ ತೆಗೆದುಕೊಳ್ಳಿ. ಮಾರನೇ ದಿನ ಏನೂ ಇಟ್ಟುಕೊಳ್ಳಬೇಡಿ. 18ಕ್ಕೆ ಹೋದರೆ 19 ಖಾಲಿ ಇರುತ್ತದೆ, 20ಕ್ಕೆ ವಿಮಾನ. ಆ ಲೆಕ್ಕದಲ್ಲಿ ನೋಡಿದರೆ, ಟಿಕೆಟ್ ಸಿಕ್ಕಿದರೆ, ದರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ, 18ನ್ನೇ ತೆಗೆಯಿರಿ.